ಪಾವಟಿಗೆ ಒಡೆದ ಬೇಸಿಗೆ

ಕಳೆದ ತಿಂಗಳು ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಸೊಸೆ ಒಳ್ಳೆಯ ಮನಸ್ಸಿನಿಂದ ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ ಹಂಚಿನ ಮೇಲೆ ಬಿಸಿ ಮಾಡಿ ತಾಟಿನಲ್ಲಿ ತಂದಳು. ಎಲೆ ಬಾಡುವಾಗ ಹೊರಡುವ ಆ ಕಹಿ ವಾಸನೆ ಪಡಸಾಲೆಗೆ ಬಂದದ್ದೇ ತಡ, ನಾನು ತಾಟನ್ನು ತಳ್ಳಿ ಎದ್ದು ಅಂಗಳಕ್ಕೆ ನಡೆದೆ. ಮಾವ ಸಿಟ್ಟಾದರು ಅಂತ ಅವಳು ಅಡುಗೆಮನೆ ಸೇರಿಬಿಟ್ಟಳು. ಊಟಕ್ಕೆ ಕುಳಿತಾಗ ನಾನೇ ಹೇಳಿದೆ, ತಪ್ಪು ನಿನ್ನದಲ್ಲವ್ವಾ, ಈ ವಾಸನೆ ಬಂದರೆ ನನಗೆ ನಾರುಹುಣ್ಣು ನೆನಪಾಗುತ್ತದೆ ಅಂತ. ಬೈಲಹೊಂಗಲದ ಹುಡುಗಿ, ಹನ್ನೆರಡನೆಯ ಇಯತ್ತೆ ಪಾಸಾದವಳು. ಆ ರೋಗದ ಹೆಸರೇ ಕೇಳಿರಲಿಲ್ಲ.

ಕೇಳದಿರುವುದು ಒಳ್ಳೆಯದೇ. ಆ ರೋಗ ಈಗ ನಮ್ಮ ದೇಶದಲ್ಲೇ ಇಲ್ಲ. ಆದರೆ ತಾನಾಗಿ ಹೋಗಲಿಲ್ಲ ಅದು. ಹೇಗೆ ಹೋಯಿತು ಅಂತ ನಮ್ಮೂರಿನ ಮಟ್ಟಿಗೆ ನನಗೆ ಗೊತ್ತು. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ನೇಗಿಲು ಹಿಡಿದವನು. ಬರೆದರೆ ಅಕ್ಷರ ಸೊಟ್ಟ ಆಗುತ್ತವೆ, ಹೇಳುವುದು ಸೊಟ್ಟ ಆಗಬಾರದು ಅಷ್ಟೇ.

ನಮ್ಮೂರು ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿಯ ಆಚೆ, ಕೆಂಪು ಕಲ್ಲಿನ ಗುಡ್ಡದ ಬುಡಕ್ಕಿದೆ. ನನ್ನ ಹರೆಯದ ದಿನಗಳಲ್ಲಿ ಅಲ್ಲಿ ನಳ ಇರಲಿಲ್ಲ, ಬೋರು ಇರಲಿಲ್ಲ. ಊರಿಗೆಲ್ಲ ಒಂದೇ ಬಾವಿ. ಅದೂ ಹಗ್ಗ ಬಿಟ್ಟು ಸೇದುವ ಬಾವಿಯಲ್ಲ, ಇಳಿದು ತುಂಬುವ ಬಾವಿ. ಮೂವತ್ತೆರಡು ಪಾವಟಿಗೆ. ಮಳೆಗಾಲದಲ್ಲಿ ಹತ್ತು ಮೆಟ್ಟಿಲು ಇಳಿದರೆ ನೀರು. ಬೇಸಿಗೆಯಲ್ಲಿ ಮೂವತ್ತೆರಡೂ ಇಳಿಯಬೇಕು, ಕೊನೆಯವು ಹಾವಸೆ ಕಟ್ಟಿ ಹಸಿರಾಗಿರುತ್ತಿದ್ದವು. ಜನ ಇಳಿದು ಮೊದಲು ಕಾಲು ತೊಳೆದುಕೊಂಡು, ಮುಖಕ್ಕೆ ಎರಚಿಕೊಂಡು, ಮೊಣಕಾಲು ಮಟ ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದರು. ದಾರಿಯ ಧೂಳಿನ ಕಾಲಲ್ಲಿ ಕುಡಿಯುವ ನೀರು ಮುಟ್ಟಬಾರದು ಅಂತ ಹಿರಿಯರು ಕಲಿಸಿದ ಶುಚಿ ಅದು. ಆ ಶುಚಿಯೇ ನಮ್ಮನ್ನು ತಿಂದಿತು.

ನಾರು ಅಂದರೆ ಹುಳ. ನೀರಿನ ಜೊತೆ ಹೊಟ್ಟೆಗೆ ಹೋಗಿ, ಒಂದು ವರ್ಷ ಮೈಯೊಳಗೇ ಬೆಳೆದು, ಸರಿಯಾಗಿ ಜೋಳದ ಸುಗ್ಗಿಯ ಹೊತ್ತಿಗೆ ಕಾಲಿನಿಂದ ಹೊರಗೆ ಬರುತ್ತದೆ. ಮೊದಲು ತುರಿಕೆ, ಆಮೇಲೆ ಸುಟ್ಟ ಬೊಬ್ಬೆಯಂಥ ಗುಳ್ಳೆ. ಗುಳ್ಳೆ ಒಡೆದರೆ ಒಳಗೆ ಬಿಳಿ ದಾರದ ತುದಿ. ಎರಡು ಮೊಳ ಉದ್ದದ್ದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಕೊಳೆಯುತ್ತದೆ. ಉರಿ ಎಂಥದು ಅಂದರೆ, ಕೆಂಡ ತುಳಿದವನು ಕಾಲು ಎತ್ತಬಹುದು, ಇವನು ಎಲ್ಲಿಗೆ ಎತ್ತಬೇಕು? ಎಕ್ಕೆ ಎಲೆ ಕಟ್ಟುತ್ತಿದ್ದೆವು, ಇಂಗು ನುಂಗುತ್ತಿದ್ದೆವು, ಮೈಯ ಕಾವು ಅನ್ನುತ್ತಿದ್ದೆವು. ಬಾವಿಯ ಮೇಲೆ ಮಾತ್ರ ಯಾರಿಗೂ ಸಂಶಯ ಬಂದಿರಲಿಲ್ಲ.

ಆ ಬಾವಿಯಿಂದ ಪ್ರತಿ ಸೋಮವಾರ ಈಶ್ವರ ಗುಡಿಗೆ ಅಗ್ಗಣಿ ತರುವ ಹಕ್ಕು ನಮ್ಮ ಮನೆತನದ್ದು. ಅಗ್ಗಣಿ ಅಂದರೆ ದೇವರ ಪೂಜೆಯ ನೀರು. ಅಪ್ಪ ಸತ್ತ ಮೇಲೆ ಮನೆಯ ಯಜಮಾನನಾಗಿದ್ದ ದೊಡ್ಡಪ್ಪ ಆ ಹಕ್ಕನ್ನು ನನಗೆ ಕೊಟ್ಟಿದ್ದ. ಉಪವಾಸವಿದ್ದು, ಒದ್ದೆ ಪಂಜೆಯಲ್ಲಿ ಇಳಿದು, ಕಾಲು ತೊಳೆದು, ಸೊಂಟ ಮಟ ನೀರಿಗೆ ಹೋಗಿ ತಾಮ್ರದ ಕೊಡ ತುಂಬಿ ಹೆಗಲಿಗೇರಿಸಬೇಕು. ಗುಡಿ ಮುಟ್ಟುವವರೆಗೆ ಕೆಳಗಿಡುವಂತಿಲ್ಲ, ಇಳಿಯಲು ಶುರು ಮಾಡಿದಾಗಿನಿಂದಲೇ ಮಾತಾಡುವಂತಿಲ್ಲ. ಮೂವತ್ತೆರಡು ಪಾವಟಿಗೆ ತುಂಬಿದ ಕೊಡದೊಂದಿಗೆ ಒಂದು ಹನಿ ತುಳುಕದಂತೆ ಏರುವವರು ಊರಲ್ಲಿ ನಾನೊಬ್ಬನೇ. ಹೆಮ್ಮೆ ಅನ್ನಿ, ಸೊಕ್ಕು ಅನ್ನಿ, ಇತ್ತು. ಲಿಂಗಕ್ಕೆ ಎರೆದು ಉಳಿದ ನೀರು ತೀರ್ಥ. ನನ್ನ ತಮ್ಮ ಮಲ್ಲೇಶಿ ಅದರಲ್ಲಿ ಒಂದು ಚರಿಗೆ ಗಟಗಟ ಕುಡಿದೇ ಗರಡಿಮನೆಗೆ ಹೋಗುತ್ತಿದ್ದ. ಅವನು ಪೈಲವಾನ. ಅವನ ಕುತ್ತಿಗೆ ನೋಡಿದರೆ ಹೋರಿಯೇ ನಾಚಬೇಕು.

ನಾನು ಹೇಳುವ ಕತೆ ಒಂದು ಬೇಸಿಗೆಯಲ್ಲಿ ಶುರುವಾಗಿ ಮುಂದಿನ ಬೇಸಿಗೆಗೆ ಮುಗಿಯುತ್ತದೆ.

ಮೊದಲ ಬೇಸಿಗೆ, ಯುಗಾದಿಗೆ ಮುಂಚೆ, ನನ್ನ ಎಡಗಾಲಿನ ಹರಡಿನ ಗಂಟಿನ ಮೇಲೆ ಗುಳ್ಳೆ ಎದ್ದಿತು. ಯಾರಿಗೂ ಹೇಳಲಿಲ್ಲ. ಕಣದಲ್ಲಿ ಜೋಳದ ರಾಶಿ ಇತ್ತು, ನಾನು ಮಲಗಿದರೆ ನಡೆಯುತ್ತಿರಲಿಲ್ಲ. ಅರಿವೆ ಸುತ್ತಿ, ಮುಳ್ಳು ಚುಚ್ಚಿದೆ ಅಂತ ಸುಳ್ಳು ಹೇಳಿ, ತೆನೆ ತುಳಿಸಿದೆ. ಸೋಮವಾರ ಬಾವಿಗೆ ಇಳಿದು ಕಾಲು ನೀರಿಗೆ ಇಟ್ಟೆ, ಉರಿ ನಿಂತೇ ಹೋಯಿತು. ದೇವರೇ ನೋವು ಕಳೆದ ಅಂದುಕೊಂಡೆ. ಅಂದಿನಿಂದ ಸೋಮವಾರಕ್ಕೆ ಕಾಯುವವನಾದೆ, ನೀರಿನಲ್ಲಿ ನಿಲ್ಲುವ ಹೊತ್ತೂ ಉದ್ದವಾಯಿತು. ಒಂದು ದಿನ ಹುಣ್ಣಿನಿಂದ ಅಕ್ಕಿ ತೊಳೆದ ನೀರಿನಂಥದು ಹೊರಗೆ ಬಂದು ಹರಡಿ ಮಾಯವಾಯಿತು. ಕಾವು ಇಳಿಯಿತು ಅಂದುಕೊಂಡು ಅದೇ ನೀರಲ್ಲಿ ಕೊಡ ಮುಳುಗಿಸಿದೆ.

ಅದೇ ದಿನಗಳಲ್ಲಿ ರಾಮದುರ್ಗದಿಂದ ಸೈಕಲ್ ಮೇಲೆ ಜೋಶಿಯವರು ಬರತೊಡಗಿದರು. ಸವದತ್ತಿ ಕಡೆಯ ಪುರೋಹಿತರ ಮನೆಯವರು, ಪಂಚಾಂಗ ಬಿಟ್ಟು ಆರೋಗ್ಯ ಇಲಾಖೆಯ ಕೆಲಸ ಹಿಡಿದವರು. ಬಡಕಲು ಮೈ, ಹೆಗಲಿಗೆ ಅರಿವೆ ತುಂಬಿದ ಚೀಲ. ಊರ ಜನ ಅವರಿಗೆ ಅರಿವಿ ಸಾಹೇಬ ಅಂತ ಹೆಸರಿಟ್ಟರು. ಗಾಜಿನ ಗ್ಲಾಸಿನಲ್ಲಿ ಬಾವಿ ನೀರು ತುಂಬಿ ಬಿಸಿಲಿಗೆ ಹಿಡಿದು ತೋರಿಸಿದರು. ಚುಕ್ಕೆಗಿಂತ ಸಣ್ಣವು, ಟಣಟಣ ಜಿಗಿಯುತ್ತಿದ್ದವು. ನೀರಿನ ಚಿಗಟ ಇದ್ದಂತೆ ತಿಳಿದುಕೊಳ್ಳಿ ಅಂದರು. ನಾರು ಇದ್ದವನು ನೀರಿಗೆ ಕಾಲಿಟ್ಟರೆ ಹುಣ್ಣಿನಿಂದ ಸಾವಿರಾರು ಮರಿ ಬಿಡುಗಡೆಯಾಗುತ್ತವೆ, ಅವನ್ನು ಈ ಚಿಗಟ ತಿನ್ನುತ್ತವೆ, ಹದಿನೈದು ದಿನ ಮರಿ ಅದರ ಹೊಟ್ಟೆಯಲ್ಲಿ ಬಲಿಯುತ್ತದೆ, ಆ ನೀರನ್ನು ನೀವು ಕುಡಿಯುತ್ತೀರಿ, ವರ್ಷಕ್ಕೆ ನಿಮ್ಮ ಕಾಲಿನಿಂದ ಹೊರಡುತ್ತದೆ. ಇದಕ್ಕೆ ಗುಳಿಗೆ ಇಲ್ಲ, ಸೂಜಿ ಇಲ್ಲ. ಎರಡು ಪದರ ದಟ್ಟ ಅರಿವೆಯಲ್ಲಿ ಸೋಸಿ ಕುಡಿಯಿರಿ, ಇಲ್ಲವೆ ಕುದಿಸಿ. ಸೋಸಿದ ಮೇಲೆ ಅರಿವೆಯನ್ನು ಬಾವಿಯ ಹತ್ತಿರ ಝಾಡಿಸಬೇಡಿ, ಬಿಸಿಲಿಗೆ ಹಾಕಿ. ನಾರು ಇದ್ದವರು ದಂಡೆಯ ಮೇಲೇ ನಿಲ್ಲಿ, ನಿಮ್ಮ ನೀರು ಬೇರೆಯವರು ತುಂಬಿ ಕೊಡಲಿ. ಇಷ್ಟೇ ಅವರ ಮಾತು. ಮನೆಮನೆಗೂ ಅದೇ ಮಾತು, ಬೇಸರವಿಲ್ಲದೆ.

ನಮ್ಮ ಅವ್ವ ಕೇಳಿದಳು. ಕೊಡದ ಬಾಯಿಗೆ ಅಪ್ಪನ ಹಳೆಯ ಧೋತರ ಎರಡು ಮಡಿಕೆ ಮಾಡಿ ಕಟ್ಟಿದಳು. ಅರ್ಧ ಊರು ಕೇಳಿತು. ನಾರು ಇದ್ದವರೆಲ್ಲ ದಂಡೆಯ ಮೇಲೆ ಸಾಲಾಗಿ ಕುಂಟುತ್ತಾ ನಿಂತರು, ಕೆಳಗಿದ್ದವರು ಅವರ ಕೊಡ ತುಂಬಿ ಕೊಟ್ಟರು. ಬಾವಿಗೆ ಔಷಧ ಹನಿಸುತ್ತೇನೆ ಅಂದಾಗ ಮಾತ್ರ ದೊಡ್ಡಪ್ಪ ಒಪ್ಪಲಿಲ್ಲ, ದೇವರ ನೀರಿಗೆ ವಿಷ ಹಾಕುತ್ತೀರಾ ಅಂದ. ಅಗ್ಗಣಿಯನ್ನಾದರೂ ಸೋಸಿ ಅಂದದ್ದಕ್ಕೆ ದೇವರ ಬಾಯಿಗೆ ಅರಿವೆ ಕಟ್ಟಲು ಬಂದಿದ್ದಾನೆ ಈ ಜೋಯಿಸ ಅಂತ ಕಟ್ಟೆಯ ಮೇಲೆ ಕುಳಿತು ನಗಿಸಿದ. ನಾನೂ ನಕ್ಕೆ. ಹೀಗಾಗಿ ಸೋಸದೆ ಕುಡಿಯುವ ನೀರು ಅಂತ ಸೋಸುವ ನಮ್ಮಂಥ ಮನೆಗಳಲ್ಲಿ ಒಂದೇ ಉಳಿಯಿತು, ಅದು ನಾನು ಹೊತ್ತು ತಂದದ್ದು.

ನಾಲ್ಕನೆಯ ಸೋಮವಾರ ಜೋಶಿಯವರು ಪಾವಟಿಗೆಯ ನಡುವೆಯೇ ನಿಂತಿದ್ದರು. ನನ್ನ ಹರಡಿಗೆ ಕಟ್ಟಿದ ಅರಿವೆ ನೋಡಿದರು.

‘ಏನಾಗೇದರಿ ಕಾಲಿಗೆ? ಬಿಚ್ಚಿ ತೋರಸ್ರಿ ಒಂಚೂರು.’

ನಾನು ಮಾತಾಡುವಂತಿರಲಿಲ್ಲ, ವ್ರತ. ಪಕ್ಕಕ್ಕೆ ಸರಿದು ಇಳಿಯಲು ಹೋದೆ. ಅವರು ಕೈ ಅಡ್ಡ ಚಾಚಿದರು. ಆ ಕೈ ನನ್ನ ಎದೆಗೆ ತಗಲಿತು. ಒದ್ದೆ ಬಟ್ಟೆಯಲ್ಲಿರುವ ನನ್ನನ್ನು ಮುಟ್ಟಿದನಲ್ಲ ಅಂತ ತಲೆಗೆ ರಕ್ತ ಏರಿತು. ಒಂದೇ ಕೈಯಲ್ಲಿ ದಬ್ಬಿದೆ. ಐದು ಪಾವಟಿಗೆ ಉರುಳಿದರು. ಗದ್ದ ಕಲ್ಲಿನ ಅಂಚಿಗೆ ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಾಯಿಂದ ರಕ್ತ ಸುರಿಯಿತು, ಒಂದು ಹಲ್ಲು ಮೆಟ್ಟಿಲ ಮೇಲೆ ಬಿದ್ದಿತ್ತು. ನಾನು ಅವರನ್ನು ದಾಟಿಕೊಂಡೇ ಇಳಿದೆ, ಕಾಲು ತೊಳೆದೆ, ಕೊಡ ತುಂಬಿದೆ, ಮತ್ತೆ ಅವರನ್ನು ದಾಟಿಕೊಂಡೇ ಏರಿದೆ. ಹನಿ ತುಳುಕಲಿಲ್ಲ. ಮಾತೂ ಆಡಲಿಲ್ಲ. ಅದನ್ನೇ ಊರು ಹೊಗಳಿತು, ವ್ರತ ಅಂದರೆ ಇವನದು ಅಂತ.

ಮುಂದಿನ ವಾರ ಜೋಶಿಯವರು ತುಟಿಗೂ ಗದ್ದಕ್ಕೂ ಹೊಲಿಗೆ ಹಾಕಿಸಿಕೊಂಡು ಅದೇ ಚೀಲ ಹೊತ್ತು ಬಂದರು. ಕಾಲು ಜಾರಿ ಬಿದ್ದೆ ಅಂತ ಕಚೇರಿಗೆ ಬರೆದುಕೊಟ್ಟಿದ್ದರಂತೆ.

ನನ್ನ ಸೊಕ್ಕಿಗೆ ನನ್ನ ಕಾಲೇ ಮೊದಲ ಪೆಟ್ಟು ಕೊಟ್ಟಿತು. ಕಣದಲ್ಲಿ ಅರಿವೆ ಜಾರಿ ಎಲ್ಲರಿಗೂ ಹುಣ್ಣು ಕಂಡಿತು. ಮುಳ್ಳು ಮರಿ ಹಾಕಿದೆ ನೋಡು ಅಂತ ಆಳುಗಳು ಛೇಡಿಸಿದರು. ನಾನು ದಾರದ ತುದಿಯನ್ನು ಬೆರಳಿಗೆ ಸುತ್ತಿ, ಎಲ್ಲರೂ ನೋಡುತ್ತಿರುವಂತೆಯೇ, ಜಗ್ಗಿದೆ. ಟಪ್ ಅಂತ ಹರಿಯಿತು. ಅರ್ಧ ಕೈಗೆ ಬಂತು, ಅರ್ಧ ಒಳಗೆ ಹೋಯಿತು. ಎರಡು ದಿನಕ್ಕೆ ಕಾಲು ಮೊಣಕಾಲಿನವರೆಗೆ ಕುಂಬಳಕಾಯಿ ಆಯಿತು, ಜ್ವರದಲ್ಲಿ ಬಾಯಿಗೆ ಬಂದಂತೆ ಮಾತಾಡಿದೆ. ಮಲ್ಲೇಶಿ ನನ್ನನ್ನು ಬೆನ್ನ ಮೇಲೆ ಹೊತ್ತು ಬಸ್ ನಿಲ್ಲುವಲ್ಲಿಯವರೆಗೆ ಓಡಿದ. ರಾಮದುರ್ಗದ ಡಾಕ್ಟರು ಕತ್ತಿ ಹಾಕಿ ಕೀವು ತೆಗೆಯುವಾಗ ನನ್ನ ಹೆಗಲು ಒತ್ತಿ ಹಿಡಿದವನೂ ಅವನೇ. ನಾನು ಅವನ ಮುಂಗೈ ಕಚ್ಚಿದೆ. ಹಲ್ಲು ಇಳಿದು ರಕ್ತ ಬಂತು. ಅವನು ಕೈ ಎಳೆದುಕೊಳ್ಳಲಿಲ್ಲ. ‘ಕಚ್ಚ ಅಣ್ಣಾ, ಜೋರಾಗಿ ಕಚ್ಚ’ ಅಂದ.

ಮೂರು ತಿಂಗಳು ಕುಂಟಿದೆ. ಮಳೆ ಬಂತು, ಬಾವಿ ತುಂಬಿತು, ಊರು ನಾರನ್ನು ಮರೆಯಿತು. ಚಳಿಗಾಲದಲ್ಲಿ ರಾಮದುರ್ಗದ ಅಖಾಡದಲ್ಲಿ ಮಲ್ಲೇಶಿ ಕೊಲ್ಲಾಪುರದ ಕಡೆಯ ಪೈಲವಾನನೊಬ್ಬನನ್ನು ಹಿಡಿದ. ಆತ ಮೊದಲ ಪಟ್ಟಿಗೇ ನಮ್ಮವನ ಮೂಗು ಒಡೆದ. ಎದೆ ತುಂಬ ರಕ್ತ, ಅದರ ಮೇಲೆ ಕೆಂಪು ಮಣ್ಣು. ಅದೇ ಮೈಯಲ್ಲಿ ಮಲ್ಲೇಶಿ ಅವನ ಸೊಂಟದ ಕೆಳಗೆ ಹೊಕ್ಕು, ಎತ್ತಿ, ಮೊಣಕಾಲ ಮೇಲೆ ತಿರುಗಿಸಿ, ಧೊಪ್ಪನೆ ಚಿತ್ತು ಮಾಡಿದ. ನೋಡುತ್ತಿದ್ದ ಕೊಲ್ಲಾಪುರದ ಉಸ್ತಾದರೊಬ್ಬರು ನನ್ನ ಹತ್ತಿರ ಬಂದು, ಬೇಸಿಗೆ ಮುಗಿದ ಮೇಲೆ ಇವನನ್ನು ನಮ್ಮ ತಾಲೀಮಿಗೆ ಕಳಿಸಿಕೊಡಿ, ಊಟ ವಸತಿ ನಮ್ಮದು ಅಂದರು. ಅವತ್ತು ನಾನು ಊರಿಗೆ ಎದೆ ಸೆಟೆಸಿ ಬಂದೆ. ನನ್ನ ಬಾಳಿನ ದೊಡ್ಡ ಆಸೆ ಅದೊಂದೇ ಆಯಿತು, ಮಲ್ಲೇಶಿ ಕೊಲ್ಲಾಪುರಕ್ಕೆ ಹೋಗಬೇಕು.

ಮುಂದಿನ ಬೇಸಿಗೆ, ಯುಗಾದಿ ಇನ್ನೂ ಹದಿನೈದು ದಿನ ಇರುವಾಗ, ಅವನ ಬಲ ಮೊಣಕಾಲಿನ ಸಂದಿಗೇ ಗುಳ್ಳೆ ಎದ್ದಿತು.

ಅವನು ನನ್ನಂತೆ ಮುಚ್ಚಿಡಲಿಲ್ಲ. ಜೋಶಿಯವರನ್ನು ಕರೆಸಿದ. ಅವರು ದಿನಾ ಬಂದು ಗಂಜಿ ಕುಡಿಸುವಷ್ಟು ತಾಳ್ಮೆಯಿಂದ ನಾರನ್ನು ಕಡ್ಡಿಗೆ ಸುತ್ತಿದರು. ಆದರೆ ಸಂದಿನೊಳಗೆ ಕೀವು ತುಂಬಿತು. ಕಾಲು ನೆಟ್ಟಗೆ ಚಾಚಿದ್ದು ಮಡಚಲು ಬರದಂತಾಯಿತು. ಎಂಥೆಂಥವರನ್ನೋ ಎತ್ತಿ ಒಗೆದವನು ಬಹಿರ್ದೆಸೆಗೆ ಹೋಗಲು ನನ್ನ ಹೆಗಲು ಹಿಡಿದು ಹಲ್ಲು ಕಚ್ಚುತ್ತಿದ್ದ. ನೋವಿಗೆ ಗೋಡೆಗೆ ತಲೆ ಗುದ್ದಿಕೊಂಡು ಗೋಡೆಯ ಮಣ್ಣು ಉದುರಿಸಿದ. ಕೊಲ್ಲಾಪುರದ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮ ಮನೆಯ ನೀರು ಸೋಸಿದ ನೀರು. ಹಾಗಾದರೆ ಇದು ಎಲ್ಲಿಂದ ಬಂತು? ದೊಡ್ಡಪ್ಪನ ಹತ್ತಿರ ಉತ್ತರ ಸಿದ್ಧವಿತ್ತು. ಆ ವರ್ಷ ಸಿದ್ರಾಮ ಅನ್ನುವ ಕುರಿಗಾರ ಮೊದಲ ಸಲ ನಮ್ಮೂರ ಹೊಲಗಳಲ್ಲಿ ಕುರಿ ತರುಬಲು ಬಂದಿದ್ದ. ಕುರಿ ಹಿಂಡನ್ನು ಹೊಲದಲ್ಲಿ ಕೂರಿಸಿದರೆ ಗೊಬ್ಬರ ಆಗುತ್ತದೆ, ಅದಕ್ಕೆ ನಾವೇ ಕರೆಸುತ್ತೇವೆ. ಅವನ ಹಿಮ್ಮಡಿಯಲ್ಲಿ ಒಂದು ಹುಣ್ಣಿತ್ತು, ಬಾವಿಯಲ್ಲಿ ಕಾಲು ತೊಳೆದದ್ದನ್ನು ನಾಲ್ಕು ಜನ ನೋಡಿದ್ದರು. ಊರಾಚೆಯವನು ಬಂದು ನಮ್ಮ ದೇವರ ಬಾವಿ ಕೆಡಿಸಿದ ಅಂದ ದೊಡ್ಡಪ್ಪ. ನನಗೆ ಅಷ್ಟು ಸಾಕಾಯಿತು. ಒಳಗೆ ತಮ್ಮ ನರಳುವುದನ್ನು ಕೇಳುತ್ತಾ ಎಷ್ಟು ದಿನ ಸುಮ್ಮನೆ ಕೂರುವುದು, ಯಾರನ್ನಾದರೂ ಹೊಡೆಯಬೇಕಿತ್ತು.

ಸುಡುವ ಮಧ್ಯಾಹ್ನ ಬಡಿಗೆ ಹಿಡಿದು ಹೊಲಕ್ಕೆ ಹೋದೆ. ಸಿದ್ರಾಮ ಜಾಲಿ ಗಿಡದ ಕೆಳಗೆ ರೊಟ್ಟಿ ಮುರಿಯುತ್ತಿದ್ದ. ಎದ್ದು ಶರಣ್ರಿ ಅಂದ. ಮೊದಲ ಪೆಟ್ಟು ಹೆಗಲಿಗೆ ಹಾಕಿದೆ. ಎರಡನೆಯದು ಬೆನ್ನಿಗೆ. ಬಿದ್ದವನು ತಲೆಗೆ ಕೈ ಅಡ್ಡ ಹಿಡಿದ, ಮೂರನೆಯದು ಆ ಕೈಗೆ ಬಿತ್ತು, ಮುಂಗೈ ಎಲುಬು ಮುರಿದದ್ದು ಬಡಿಗೆಯ ಈಚೆಯ ತುದಿಗೂ ತಿಳಿಯಿತು. ಕುರಿಗಳು ದಿಕ್ಕೆಟ್ಟು ಓಡಿದವು. ಅವನ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು, ಅದನ್ನೂ ಹೊಡೆದೆ.

‘ಯಪ್ಪಾ, ನಾ ಈ ಊರಿಗೆ ಬಂದು ಇನ್ನಾ ಹದಿನೈದ ದಿನಾ ಆಗಿಲ್ಲರಿ’ ಅಂದ ಅವನು.

ಆ ಮಾತಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಮತ್ತೆ ಎರಡು ಪೆಟ್ಟು ಹಾಕಿ, ಬಡಿಗೆ ಮುರಿದ ಮೇಲೆ ಮನೆಗೆ ಬಂದೆ.

ಜೋಶಿಯವರು ಅವನ ಕೈಗೆ ಬಿದಿರ ಸೀಳು ಕಟ್ಟಿ, ರಾಮದುರ್ಗಕ್ಕೆ ಹೋಗುವ ಟ್ರ್ಯಾಕ್ಟರ್ ಹತ್ತಿಸಿ, ನೇರ ನಮ್ಮ ಮನೆಯ ಕಟ್ಟೆಗೆ ಬಂದರು. ದೊಡ್ಡಪ್ಪ ಇದ್ದ, ಹತ್ತಿಪ್ಪತ್ತು ಜನ ಇದ್ದರು. ಪಡಸಾಲೆಯ ಬಾಗಿಲು ತೆರೆದಿತ್ತು, ಒಳಗೆ ಮಲ್ಲೇಶಿ ಮಲಗಿದ್ದ. ಅವರ ಅಂಗಿಯ ತೋಳಿಗೆ ಸಿದ್ರಾಮನ ರಕ್ತ ಹತ್ತಿತ್ತು.

ಅವನ ಹಿಮ್ಮಡಿಯದು ಕಲ್ಲು ತಗಲಿ ಆದ ಹುಣ್ಣು, ನಾರು ಅಲ್ಲವೇ ಅಲ್ಲ ಅಂದರು. ಇದ್ದರೂ ಮಲ್ಲೇಶಿಗೂ ಅದಕ್ಕೂ ಸಂಬಂಧವಿಲ್ಲ, ಇವತ್ತು ಹೊರಬಂದ ನಾರು ಒಳಗೆ ಹೋಗಿ ವರ್ಷವಾಗಿದೆ ಅಂದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ನಿಧಾನ ಹೇಳಿದರು. ಸೋಸಿ ಕುಡಿಯುವ ಮನೆಗಳಲ್ಲಿ ಈ ವರ್ಷ ನಾಲ್ಕೇ ಜನಕ್ಕೆ ನಾರು ಬಂದಿದೆ. ಗುಡಿಯ ಪೂಜಾರಿ, ಇಬ್ಬರು ಮುದುಕಿಯರು, ಮಲ್ಲೇಶಿ. ನಾಲ್ವರೂ ಸೋಮವಾರ ತಪ್ಪದೆ ತೀರ್ಥ ತಗೊಳ್ಳುವವರು.

‘ಹ್ವಾದ ವರ್ಷ ನಾರು ಇದ್ದವರನ್ನೆಲ್ಲಾ ನಾ ದಂಡೀ ಮ್ಯಾಲೆ ನಿಲ್ಲಿಸಿದ್ದೆ. ಒಬ್ಬರು ಮಾತ್ರ ಇಳದ್ರು. ಕಾಲಿಗೆ ಅರಿವಿ ಕಟಗೊಂಡು...’

ಮುಗಿಸಲು ಬಿಡಲಿಲ್ಲ ನಾನು. ಬಾಯಿಯ ಮೇಲೆ ಹೊಡೆದೆ. ಹಳೆಯ ಹೊಲಿಗೆಯ ಜಾಗದಲ್ಲೇ ತುಟಿ ಸೀಳಿತು. ಅವರು ಗೋಡೆ ಹಿಡಿದು ನಿಂತರು, ರಕ್ತ ಉಗಿದರು, ಹೇಳಬೇಕಾದ್ದನ್ನು ಹೇಳಿಯೇ ಮುಗಿಸಿದರು.

‘ನಿಮ್ಮ ತಮ್ಮನ ಕಾಲಾಗಿಂದು ನಿಮ್ಮ ಕಾಲಿಂದೇ ಅದರೀ. ನೀವೇ ಹೊತ್ತು ತಂದು ಕುಡಿಸೀರಿ.’

ಒಳಗಿನಿಂದ ದನಿ ಬಂತು. ‘ಅಣ್ಣಾ, ಇಲ್ಲಿ ಬಾ.’

ಹೋದೆ. ಮಲ್ಲೇಶಿ ಗೋಡೆಗೆ ಆತು ಕುಳಿತಿದ್ದ. ಮೊಣಕಾಲಿನಿಂದ ಹೊರಟ ಬಿಳಿ ದಾರ ಕಡ್ಡಿಗೆ ಸುತ್ತಿಕೊಂಡು ಪಟ್ಟಿಯ ಮೇಲೆ ಕುಳಿತಿತ್ತು.

‘ಕಾಲಾಗ ನಾರ ಇದ್ದಾಗ ನೀರಿಗೆ ಇಳದಿದ್ದೇನು?’

ಹೂಂ ಅಂದೆ.

‘ಅವರು ಬ್ಯಾಡ ಅಂದಿದ್ರಿಲ್ಲೋ?’

ಅದಕ್ಕೂ ಹೂಂ ಅಂದೆ. ತಲೆಗಿಂಬಿನ ಹತ್ತಿರ ಹಿತ್ತಾಳೆಯ ಚರಿಗೆ ಇತ್ತು. ಅವನು ಅದನ್ನು ಎತ್ತಿ ಒಗೆದ. ಪೈಲವಾನನ ಕೈ ಅದು, ಮಲಗಿದ್ದರೂ ಬಲ ಹೋಗಿರಲಿಲ್ಲ. ನನ್ನ ಹುಬ್ಬಿನ ಮೇಲೆ ಬಿದ್ದು ಎಲುಬು ಕಾಣುವಷ್ಟು ಬಿರಿಯಿತು. ಕಣ್ಣಿಗೆ ರಕ್ತ ಇಳಿಯಿತು. ನಾನು ಒರೆಸಿಕೊಳ್ಳಲಿಲ್ಲ. ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳೂ ಒರೆಸಲು ಬರಲಿಲ್ಲ. ಮಲ್ಲೇಶಿ ಮುಖ ಗೋಡೆಗೆ ತಿರುಗಿಸಿದ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ಕಟ್ಟೆಯ ಮೇಲೆ ಜೋಶಿಯವರು ಇನ್ನೂ ಇದ್ದರು. ಏನು ಮಾಡಬೇಕು ಅಂತ ಕೇಳಿದೆ. ಕ್ಷಮಿಸಿ ಅನ್ನಲು ಬಾಯಿ ಬರಲಿಲ್ಲ, ಅಷ್ಟಾದರೂ ಸೊಕ್ಕು ಉಳಿದಿತ್ತು. ಅವರು ಊದಿದ ತುಟಿಯಲ್ಲೇ ಹೇಳಿದರು. ಪಾವಟಿಗೆ ಇರುವವರೆಗೂ ಜನ ನೀರಿಗೆ ಕಾಲಿಡುತ್ತಾರೆ. ಅವನ್ನು ಒಡೆದು, ಸುತ್ತ ಎದೆಯೆತ್ತರ ಕಟ್ಟೆ ಕಟ್ಟಿ, ಗಡಗಡೆ ಹಾಕಿ ಹಗ್ಗದಿಂದ ಸೇದುವ ಬಾವಿ ಮಾಡಬೇಕು. ಕಲ್ಲು, ಸಿಮೆಂಟು, ಹುಕುಂ ಎಲ್ಲ ಮೇಲಿನಿಂದ ಬಂದು ವರ್ಷವಾಗಿದೆ, ಹಿರಿಯರು ಕಟ್ಟಿದ ಮೆಟ್ಟಿಲಿಗೆ ಹಾರೆ ಹಾಕಲು ಊರಲ್ಲಿ ಒಂದು ಆಳೂ ಬರುತ್ತಿಲ್ಲ.

ಮರುದಿನ ಬೆಳಿಗ್ಗೆ ಹಾರೆ, ಉಳಿ, ದೊಡ್ಡ ಸುತ್ತಿಗೆ ತೆಗೆದುಕೊಂಡು ನಾನು ಇಳಿದೆ. ನೀರಿಗೆ ಹತ್ತಿರದ ಪಾವಟಿಗೆಯಿಂದ ಶುರು ಮಾಡಿದೆ, ಮೇಲಿನದರ ಮೇಲೆ ನಿಂತು ಕೆಳಗಿನದನ್ನು ಒಡೆಯುವುದು. ನಮ್ಮ ಕಡೆಯ ಕೆಂಪು ಕಲ್ಲು ಕಬ್ಬಿಣದಂಥದು. ಸುತ್ತಿಗೆ ಎತ್ತಿ ಹಾಕಿದರೆ ಕಿಡಿ ಹಾರಿ ಮುಖಕ್ಕೆ ಬರುತ್ತಿತ್ತು. ಸಂಜೆಯ ಹೊತ್ತಿಗೆ ಮೂರು ಮೆಟ್ಟಿಲು ಎದ್ದವು, ಅಂಗೈ ಚರ್ಮ ಸುತ್ತಿಗೆಯ ಹಿಡಿಕೆಗೆ ಹೋಗಿತ್ತು.

ಎರಡನೆಯ ದಿನ ಮೇಲಿನಿಂದ ಕಲ್ಲು ಬಿದ್ದವು. ಮೊದಲು ಸಣ್ಣವು, ಆಮೇಲೆ ಮುಷ್ಟಿಯಷ್ಟು. ಒಂದು ಬೆನ್ನಿಗೆ, ಒಂದು ಕಿವಿಯ ಹಿಂದೆ. ತಲೆ ಎತ್ತಿ ನೋಡಲಿಲ್ಲ. ನೋಡಿದ್ದರೆ ಮೇಲೆ ಹತ್ತಿ ಯಾರನ್ನೋ ಕೊಂದೇ ಬಿಡುತ್ತಿದ್ದೆ, ನನ್ನ ಕೈ ನನಗೆ ಗೊತ್ತಿತ್ತು. ಮೂರನೆಯ ದಿನ ದೊಡ್ಡಪ್ಪನೇ ಇಳಿದು ಬಂದ. ಕೈಯಲ್ಲಿ ಬೆತ್ತ. ಬಗ್ಗಿದ ಬೆನ್ನ ಮೇಲೆ ಎರಡು ಸಲ ಬಾರಿಸಿದ. ನಾನು ಸುತ್ತಿಗೆ ಕೆಳಗಿಟ್ಟು ಕೈ ಕಟ್ಟಿ ನಿಂತೆ. ಮೂರನೆಯ ಸಲ ಎತ್ತಿದ ಬೆತ್ತ ಹಾಗೇ ಇಳಿಯಿತು. ಮುದುಕ ಮೆಟ್ಟಿಲ ಮೇಲೆ ಕುಸಿದು ಕುಳಿತ.

‘ನಿಮ್ಮಪ್ಪ ಇಳದ ಪಾವಟಿಗಿ ಅದಾವಲೇ ಇವು’ ಅಂದ.

‘ನಾನೂ ಇಳದೇನಿ, ದೊಡ್ಡಪ್ಪಾ. ಅದಕ್ಕ ಒಡ್ಯಾಕ ಹತ್ತೇನಿ.’

ಅವನು ಕೆಳಗಿನ ನೀರನ್ನು ನೋಡಿ, ಕೈ ಆಸರೆ ಕೇಳಿದ. ನಾನೇ ರಟ್ಟೆ ಹಿಡಿದು ಮೇಲೆ ಹತ್ತಿಸಿದೆ. ಆಮೇಲೆ ಕಲ್ಲು ಬೀಳಲಿಲ್ಲ. ಐದಾರು ದಿನಕ್ಕೆ ಕೆಲವರು ಒಡೆದ ಕಲ್ಲು ಹೊರಲು ಬಂದರು. ಊರಿನ ಕುಡಿಯುವ ನೀರಿಗೆ ಅಷ್ಟು ದಿನ ಹೊಲದ ಬಾವಿಗಳಿಂದ ಬಂಡಿ ಹೂಡಿದೆವು. ಜೋಶಿಯವರು ಈ ಸಲ ಬಾವಿಗೆ ಔಷಧ ಹನಿಸಿದಾಗ ಯಾರೂ ಅಡ್ಡ ಬರಲಿಲ್ಲ.

ಸಿದ್ರಾಮನ ಲೆಕ್ಕ ಬೇರೆ ಇತ್ತು. ಅವನ ಕೈ ಕೂಡುವವರೆಗೆ, ಕಲ್ಲು ಒಡೆದು ಉಳಿದ ಹೊತ್ತಿನಲ್ಲಿ, ಅವನ ಕುರಿ ಕಾಯ್ದೆ. ಮೊದಲ ದಿನ ನಾನು ಬಡಿಗೆ ಬೀಸಿ ಹಿಂಡು ತಿರುಗಿಸಲು ಹೋದೆ. ಜಾಲಿ ಗಿಡದ ಕೆಳಗಿನಿಂದ ಅವನು ಅಂದ, ‘ಕುರಿಗೆ ಬಡಿಗಿ ತೋರಸಬ್ಯಾಡ್ರಿ. ಅವು ಮಾತ ಹೇಳಿದ್ರ ಕೇಳತಾವು.’ ಅಷ್ಟೇ ಅವನು ನನಗೆ ಬೈದದ್ದು. ಕೈ ಸೊಟ್ಟಗೇ ಕೂಡಿತು. ಮುಂದೆ ಅವನು ನಮ್ಮೂರಿಗೆ ಬಂದ ಹಾಗಿಲ್ಲ.

ಪಾವಟಿಗೆ ಹೋದ ಮೇಲೆ ಬಾವಿಗೆ ಕಟ್ಟೆ ಎದ್ದಿತು, ಗಡಗಡೆ ಬಂತು. ಮರುವರ್ಷ ಊರಿಗೆಲ್ಲ ಮೂರೇ ನಾರು. ಅದರ ಮುಂದಿನ ವರ್ಷ ಒಂದೂ ಇಲ್ಲ. ಆಮೇಲೆ ಜೋಶಿಯವರು ಬಂದು ಯಾರಿಗಾದರೂ ಇದೆಯೇ ಅಂತ ಕೇಳುತ್ತಲೇ ಇದ್ದರು, ಇಲ್ಲ ಅನ್ನುವ ಉತ್ತರ ಬರೆದುಕೊಳ್ಳಲು. ಮಲ್ಲೇಶಿಯ ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಕೊಲ್ಲಾಪುರದ ಉಸ್ತಾದರಿಗೆ ನಾನೇ ಕಾಗದ ಬರೆದೆ, ಕಳಿಸಲು ಆಗುವುದಿಲ್ಲ ಅಂತ. ಯಾಕೆ ಅಂತಲೂ ಬರೆದೆ. ಅಷ್ಟುದ್ದ ಬರೆದದ್ದು ಅದೇ ಮೊದಲು.

ಇದೆಲ್ಲ ಆಮೇಲಿನದು. ಪಾವಟಿಗೆ ಒಡೆದ ಕಡೆಯ ದಿನದ್ದು ಒಂದು ಉಳಿದಿದೆ.

ಹದಿನೆಂಟು ದಿನ ಹಿಡಿಯಿತು. ಮೂವತ್ತು ಮೆಟ್ಟಿಲು ಹೋದ ಮೇಲೆ ಮೇಲಿನ ಎರಡನ್ನು ಬಿಟ್ಟು ಹತ್ತಿ ಕುಳಿತೆ. ಅವುಗಳಿಂದ ಯಾರೂ ನೀರಿಗೆ ಇಳಿಯಲಾಗದು. ಸೋಮವಾರ ಅಗ್ಗಣಿಗೆ ಇಳಿಯುವ ಮುಂಚೆ ನಮ್ಮ ಮನೆಯವರು ಹಣೆ ಮುಟ್ಟಿಸುತ್ತಿದ್ದ ಮೆಟ್ಟಿಲು ಅವು. ಗುರುತಿಗೆ ಇರಲಿ ಅನಿಸಿತು. ಹಿಂದೆ ಕಲ್ಲು ಚೂರಿನ ಮೇಲೆ ಕೋಲು ಊರುವ ಸದ್ದಾಯಿತು. ತಿರುಗಿದರೆ ಮಲ್ಲೇಶಿ. ಮನೆಯಿಂದ ಅಲ್ಲಿಯವರೆಗೆ ಒಬ್ಬನೇ ಬಂದಿದ್ದ, ಅಂಗಿ ಬೆವರಿಗೆ ಅಂಟಿತ್ತು. ಬಾವಿಯೊಳಗೆ ಬಗ್ಗಿ ನೋಡಿದ. ನನ್ನ ಹುಬ್ಬಿನ ಗಾಯ ನೋಡಿದ. ಆಮೇಲೆ ಆ ಎರಡು ಮೆಟ್ಟಿಲು ನೋಡಿದ.

‘ಇವೆರಡ ಯಾರಿಗೆ ಇಟ್ಟಿ?’

ಹದಿನೆಂಟು ದಿನಗಳ ಮೇಲೆ ಆಡಿದ ಮೊದಲ ಮಾತು.

ಅವನು ಕೋಲು ಒಗೆದು, ಗೋಡೆ ಹಿಡಿದು, ನೆಟ್ಟಗಾದ ಕಾಲನ್ನು ಮುಂದೆ ಚಾಚಿ ನೆಲಕ್ಕೆ ಕುಳಿತ. ಕುಳಿತುಕೊಳ್ಳುವಾಗ ಹಲ್ಲು ಕಚ್ಚಿದ ಸದ್ದು ಕೇಳಿತು. ಉಳಿಯನ್ನು ಎಳೆದುಕೊಂಡು, ಮೆಟ್ಟಿಲಿನ ಸಂದಿಗೆ ನಿಲ್ಲಿಸಿ, ಎರಡೂ ಕೈಯಿಂದ ಹಿಡಿದ. ನನ್ನ ಹಲ್ಲಿನ ಗುರುತು ಇದ್ದ ಮುಂಗೈ ಮೇಲೆಯೇ ಇತ್ತು. ನಾನು ಸುತ್ತಿಗೆ ಹಿಡಿದು ಎದ್ದೆ. ಆ ವರ್ಷ ಈ ಕೈ ಯಾರ್ಯಾರ ಮೇಲೆ ಬಿದ್ದಿತ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ತಲೆ ಬಗ್ಗಿಸಿ ಉಳಿಯ ತುದಿಯನ್ನೇ ನೋಡುತ್ತಿದ್ದ, ಸುತ್ತಿಗೆಯ ಕಡೆ ನೋಡಲಿಲ್ಲ.

‘ಹೊಡಿ ಅಣ್ಣಾ’ ಅಂದ.

ಹೊಡೆದೆ.